ಹಗಲೆಲ್ಲ ಡೇ ಕೇರ್‌ನಲ್ಲಿರುವ ಮಗುವಿಗೆ ಅಂಗಳ ಎಲ್ಲಿ?

ನವೆಂಬರ್ ಕೊನೆಯ ಹೊತ್ತಿಗೆ ಮಂಗಳೂರಿನಲ್ಲಿ ಸಂಜೆ ಆರರ ಆಸುಪಾಸಿಗೆ ಹೊತ್ತು ಮುಳುಗುತ್ತದೆ. ಬೆಳಿಗ್ಗೆ ಎಂಟೂವರೆಗೆ ಮಗುವನ್ನು ಡೇ ಕೇರ್‌ನಲ್ಲಿ ಬಿಟ್ಟು ಕೆಲಸಕ್ಕೆ ಹೋದ ಅಮ್ಮ, ಪಂಪ್‌ವೆಲ್ ದಾಟಿ ವಾಪಸ್ ಬರುವಾಗ ಆರು ಕಳೆದಿರುತ್ತದೆ. ಮಗುವನ್ನು ಎತ್ತಿಕೊಂಡು ಮನೆ ಸೇರಿದರೆ ಕತ್ತಲೆ. ಆಮೇಲೆ ಸ್ನಾನ, ಊಟ, ನಿದ್ದೆ. ಅಂದರೆ ವಾರದ ಐದಾರು ದಿನ ಆ ಮಗುವಿನ ಪಾಲಿನ ಹಗಲು ಪೂರ್ತಿ ಡೇ ಕೇರ್ ಕೈಯಲ್ಲಿದೆ. ಅಲ್ಲಿ ಹೊರಗೆ ಬಿಟ್ಟರೆ ಉಂಟು. ಬಿಡದಿದ್ದರೆ ಬಿಸಿಲು, ಗಾಳಿ, ಮಣ್ಣು ಯಾವುದೂ ಇಲ್ಲ. ಮನೆಯವರು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಮುಳುಗಿದ ಸೂರ್ಯನನ್ನು ತಂದು ಕೊಡಲು ಆಗುವುದಿಲ್ಲ.

ನನ್ನ ಮಗಳಿಗೆ ಎರಡೂವರೆ ವರ್ಷ ಆಗಿದ್ದಾಗ ಅವಳನ್ನು ಬಿಡುತ್ತಿದ್ದ ಡೇ ಕೇರ್ ಒಂದು ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿತ್ತು. ಚೊಕ್ಕ ಜಾಗ. ನೋಡಿಕೊಳ್ಳುವವರು ಒಳ್ಳೆಯವರು. ಗೋಡೆ ತುಂಬ ಮರ, ನವಿಲು, ಚಿಟ್ಟೆಗಳ ಚಿತ್ರ. ನೆಲಕ್ಕೆ ಹುಲ್ಲಿನ ಹಾಗೆ ಕಾಣುವ ಹಸಿರು ಪ್ಲಾಸ್ಟಿಕ್ ಹಾಸು. ಒಂದು ದಿನ ಕೇಳಿದೆ, ಮಕ್ಕಳನ್ನು ಹೊರಗೆ ಬಿಡ್ತೀರಾ ಅಂತ. ಆಯಾ ನನ್ನ ಮುಖ ನೋಡಿದರು. "ಹೊರಗೆ ಅಂದ್ರೆ ಎಲ್ಲಿಗೆ ಮೇಡಂ? ಕೆಳಗೆ ಪಾರ್ಕಿಂಗ್, ಅದರಾಚೆ ರೋಡು" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸೇರಿಸುವಾಗ ನಾನೂ ಕೇಳಿದ್ದು ಸಿಸಿಟಿವಿ ಇದೆಯಾ, ಊಟಕ್ಕೆ ಏನು ಕೊಡ್ತೀರಿ, ಎಷ್ಟು ಹೊತ್ತಿಗೆ ಮಲಗಿಸ್ತೀರಿ ಎಂದಷ್ಟೇ. ಅಂಗಳದ ಬಗ್ಗೆ ಕೇಳಬೇಕು ಅಂತ ಹೊಳೆದಿರಲೇ ಇಲ್ಲ.

ಯಾಕೆ ಹೊಳೆಯಲಿಲ್ಲ ಅಂತ ಆಮೇಲೆ ತುಂಬ ಯೋಚಿಸಿದ್ದೇನೆ. ನಮ್ಮ ಕಡೆ ಮಗು ಹೊರಗೆ ಆಡುವುದು ಯಾರೋ ಏರ್ಪಾಡು ಮಾಡಬೇಕಾದ ವಿಷಯ ಆಗಿರಲಿಲ್ಲ. ಮನೆ ಅಂದ ಮೇಲೆ ಜಗಲಿ, ಜಗಲಿ ಇಳಿದರೆ ಅಂಗಳ, ಅದರಾಚೆ ತೋಟ ಇಲ್ಲವೇ ಗದ್ದೆ. ತುಳುವಿನಲ್ಲಿ ಅಂಗಳಕ್ಕೆ ಜಾಲ್ ಎನ್ನುತ್ತಾರೆ. ಅಡಿಕೆ ಒಣಗುವುದು, ಅಜ್ಜಿ ಹಪ್ಪಳ ಹರಡುವುದು, ಮಗು ಅಂಬೆಗಾಲಿಡುವುದು ಎಲ್ಲ ಅದೇ ಜಾಲಿನಲ್ಲಿ. ತೋಟದಲ್ಲಿ ಅಡಿಕೆ ಮರದ ಹಾಳೆ ಬಿದ್ದರೆ ಅದರ ಮೇಲೆ ಚಿಕ್ಕವರನ್ನು ಕೂರಿಸಿ ದೊಡ್ಡ ಮಕ್ಕಳು ಎಳೆಯುತ್ತಿದ್ದರು. ಅದನ್ನು ಯಾರೂ ವ್ಯಾಯಾಮ ಎನ್ನಲಿಲ್ಲ, ಕಲಿಕೆ ಎನ್ನಲಿಲ್ಲ.

ಈಗ ಬಿಜೈ, ಕದ್ರಿ, ಬೆಂದೂರಿನಲ್ಲಿ, ಉಡುಪಿಯಿಂದ ಮಣಿಪಾಲದವರೆಗೆ ಎಲ್ಲಿ ನೋಡಿದರೂ ಫ್ಲ್ಯಾಟು. ಸ್ವಂತ ಮನೆ ಇದ್ದವರ ಅಂಗಳಕ್ಕೂ ಇಂಟರ್‌ಲಾಕ್ ಬಂದಿದೆ. ಅಜ್ಜಿ ಊರಲ್ಲಿ, ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲಿ. ಹೀಗೆ ಅಂಗಳ ಮಾಡುತ್ತಿದ್ದ ಕೆಲಸ ಅಷ್ಟೂ ಡೇ ಕೇರ್, ಪ್ಲೇ ಹೋಮ್, ಅಂಗನವಾಡಿಗಳ ಪಾಲಿಗೆ ಬಿತ್ತು. ಆದರೆ ಅದನ್ನು ವಹಿಸಿಕೊಟ್ಟಿದ್ದೇವೆ ಎಂದು ನಾವು ಹೇಳಲಿಲ್ಲ. ವಹಿಸಿಕೊಂಡಿದ್ದೇವೆ ಎಂದು ಅವರಿಗೂ ಗೊತ್ತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿಯೇ ಒಂದು ಮಾರ್ಗಸೂಚಿ ಕೊಟ್ಟಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಿಕೊಂಡಿರಬೇಕು. ಮೂರು ದಾಟಿದವರಾದರೆ ಅದರಲ್ಲಿ 60 ನಿಮಿಷವಾದರೂ ಸ್ವಲ್ಪ ಏದುಸಿರು ಬರುವಂಥ ಆಟ ಇರಬೇಕು. ಕುರ್ಚಿಯಲ್ಲೋ ಸ್ಟ್ರೋಲರ್‌ನಲ್ಲೋ ಒಂದೇ ಸಮ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು. ಇದೆಲ್ಲ ಹೊರಗೇ ಆಗಬೇಕು ಎಂಬ ಷರತ್ತು ಅದರಲ್ಲಿಲ್ಲ. ಆದರೆ ಹನ್ನೆರಡು ಮಕ್ಕಳಿರುವ ಒಂದು ಕೋಣೆಯಲ್ಲಿ ಏದುಸಿರು ಬರುವ ಹಾಗೆ ಒಂದು ಗಂಟೆ ಓಡಿಸುವುದು ಹೇಗೆ? ಎರಡನೇ ನಿಮಿಷಕ್ಕೆ ಒಬ್ಬರ ತಲೆ ಇನ್ನೊಬ್ಬರ ಮೂಗಿಗೆ ತಾಗಿರುತ್ತದೆ. ಟೀಚರ್ "ಓಡಬೇಡಿ, ಕೂತ್ಕೊಳ್ಳಿ" ಎನ್ನಲೇಬೇಕಾಗುತ್ತದೆ. ಅದೇ ಟೀಚರ್ ಅದೇ ಮಕ್ಕಳನ್ನು ಅಂಗಳಕ್ಕೆ ಬಿಟ್ಟಾಗ ಆ ಮಾತು ಹೇಳುವುದಿಲ್ಲ. ಹೇಳುವ ಅಗತ್ಯವೇ ಬೀಳುವುದಿಲ್ಲ.

ಕಣ್ಣು ಮತ್ತು ಬೆಳಕು

ಹೊರಗೆ ಕಳೆಯುವ ಹೊತ್ತಿನಿಂದ ಏನು ಉಪಯೋಗ ಎಂದು ಕೇಳಿದರೆ ಎಲ್ಲರೂ ಮೊದಲು ಹೇಳುವುದು ವಿಟಮಿನ್ ಡಿ. ನಾನು ಕಣ್ಣಿನಿಂದ ಶುರು ಮಾಡುತ್ತೇನೆ. ಯಾಕೆಂದರೆ ಪುರಾವೆ ತುಂಬ ಗಟ್ಟಿ ಇರುವುದು ಅಲ್ಲೇ. ನಮ್ಮಲ್ಲಿ ಕಡಿಮೆ ಮಾತಾಡಿದ್ದೂ ಅದರ ಬಗ್ಗೆಯೇ.

ಹತ್ತಿರದ್ದು ಸರಿಯಾಗಿ ಕಂಡು ದೂರದ್ದು ಮಸುಕಾಗುವುದಕ್ಕೆ ಸಮೀಪದೃಷ್ಟಿ ಎನ್ನುತ್ತಾರೆ. ಮೈನಸ್ ಕನ್ನಡಕ ಅಂತೀವಲ್ಲ, ಅದು. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಹಿಂದಕ್ಕೆ ಬೇಕಾದ್ದಕ್ಕಿಂತ ಉದ್ದವಾದರೆ ಹೀಗಾಗುತ್ತದೆ. ಒಮ್ಮೆ ಉದ್ದವಾದ ಕಣ್ಣು ಮತ್ತೆ ಗಿಡ್ಡ ಆಗುವುದಿಲ್ಲ. ಎಷ್ಟು ಚಿಕ್ಕ ವಯಸ್ಸಿಗೆ ಶುರುವಾಗುತ್ತದೋ ಅಷ್ಟು ಹೆಚ್ಚು ವರ್ಷ ನಂಬರ್ ಏರುತ್ತಾ ಹೋಗುತ್ತದೆ. ಹಾಗಾಗಿ ಶುರುವಾಗುವುದನ್ನು ಮುಂದೂಡಿದರೂ ದೊಡ್ಡ ಲಾಭ.

ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಇದರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಗಿನ ಪೀರಿಯಡ್ ಕೊಟ್ಟರು. ಉಳಿದವು ಮೊದಲಿನ ಹಾಗೆಯೇ ನಡೆದವು. ಮೂರು ವರ್ಷದ ನಂತರ ನೋಡಿದರೆ, ಮಾಮೂಲಿ ಶಾಲೆಗಳಲ್ಲಿ ಶೇಕಡಾ 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಹೊರಗೆ ಬಿಟ್ಟ ಶಾಲೆಗಳಲ್ಲಿ ಅದು ಶೇಕಡಾ 30.4. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಔಷಧಿ ಇಲ್ಲ, ಯಂತ್ರ ಇಲ್ಲ, ಬರೀ 40 ನಿಮಿಷ. ತೈವಾನ್ ಇನ್ನೂ ಮುಂದೆ ಹೋಗಿದೆ. ಅಲ್ಲಿ 2010ರಿಂದ ಶಾಲೆಗಳಿಗೆ ದಿನಕ್ಕೆ 120 ನಿಮಿಷ ಹೊರಗೆ ಎಂಬ ಕಾರ್ಯಕ್ರಮ ಇದೆ. ಅಲ್ಲಿನ ಯಿಲಾನ್ ಜಿಲ್ಲೆ 2014ರಲ್ಲಿ ಶಿಶುವಿಹಾರಗಳಲ್ಲೇ ಇದನ್ನು ಶುರು ಮಾಡಿತು. ಐದಾರು ವರ್ಷದ ಮಕ್ಕಳಲ್ಲಿ ಶೇಕಡಾ 15.5 ಇದ್ದ ಸಮೀಪದೃಷ್ಟಿ 2016ಕ್ಕೆ ಶೇಕಡಾ 8.4ಕ್ಕೆ ಇಳಿಯಿತು. ಅಲ್ಲಿ ಕಣ್ಣಿನ ತಪಾಸಣೆ, ಚಿಕಿತ್ಸೆಯೂ ಜತೆಗೆ ನಡೆದಿತ್ತು. ಹಾಗಾಗಿ ಎಲ್ಲವೂ ಅಂಗಳದ್ದೇ ಲಾಭ ಎನ್ನಲಾಗದು. ಆದರೂ ಇದು ನಮ್ಮ ಅಂಗನವಾಡಿ, ಯುಕೆಜಿ ವಯಸ್ಸಿನ ಮಕ್ಕಳ ಲೆಕ್ಕ ಅಲ್ವಾ? ನಮ್ಮ ದೇಶದ್ದೇ ಬೇಕು ಎಂದರೆ ದೆಹಲಿ ಇದೆ. ಅಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಾಲಾಮಕ್ಕಳಲ್ಲಿ ಶೇಕಡಾ 13.1 ಮಂದಿಗೆ ಸಮೀಪದೃಷ್ಟಿ ಇತ್ತು. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಆಡುವವರಲ್ಲಿ ತೀರಾ ಕಡಿಮೆ.

ಕಾರಣ ಆಟವೇ ಎಂದುಕೊಂಡರೆ ಪೂರ್ತಿ ಸರಿಯಲ್ಲ. ಒಳಗೆ ಆಡಿದರೆ ಈ ಲಾಭ ಕಾಣುವುದಿಲ್ಲ. ಹೊರಗೆ ಸುಮ್ನೆ ಕೂತರೂ ಕಾಣುತ್ತದೆ. ಕೆಲಸ ಮಾಡುವುದು ಬೆಳಕು. ಜೋರು ಬೆಳಕು ಬಿದ್ದಾಗ ಕಣ್ಣಿನ ರೆಟಿನಾದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಅದು ಕಣ್ಣುಗುಡ್ಡೆ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪಿರುವ ವಿವರಣೆ. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಬೆಳಕು ಸಾಮಾನ್ಯವಾಗಿ 500 ಲಕ್ಸ್ (ಬೆಳಕು ಅಳೆಯುವ ಮಾನ) ಒಳಗೇ ಇರುತ್ತದೆ. ಮರದ ನೆರಳಿನಲ್ಲಿ ಹಲವು ಸಾವಿರ ಲಕ್ಸ್. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದೇ ಇಲ್ಲ. ಕೋಣೆ ಬೆಳ್ಳಗೆ ಇದೆ ಅಂತಲೇ ಅನಿಸುತ್ತದೆ.

ಇದರಲ್ಲಿ ನಮ್ಮ ಊರಿಗೆ ಅನುಕೂಲವಾದ ಒಂದು ವಿಷಯ ಇದೆ. ಮಗುವನ್ನು ಬಿಸಿಲಿಗೇ ನಿಲ್ಲಿಸಬೇಕಾಗಿಲ್ಲ. ಹಲಸಿನ ಮರದ ಅಡಿ ಸಾಕು. ಮೋಡ ಕವಿದ ಜುಲೈ ಹಗಲಲ್ಲೂ ಅಂಗಳದ ಬೆಳಕು ಕೋಣೆಯ ಬೆಳಕಿಗಿಂತ ಹಲವು ಪಟ್ಟು ಜಾಸ್ತಿ ಇರುತ್ತದೆ.

ವಿಟಮಿನ್ ಡಿ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಎಳೆ ಬಿಸಿಲೇ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಎಳೆ ಬಿಸಿಲು ಹಿತ, ನಿಜ. ಆದರೆ ಚರ್ಮದಲ್ಲಿ ವಿಟಮಿನ್ ಡಿ ಮಾಡುವ ಕಿರಣ ಆಗ ತುಂಬ ಕಡಿಮೆ. ಹೊತ್ತು ಏರಿದ ಮೇಲೆ ಜಾಸ್ತಿ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಹಾಗಾಗಿ ಗಾಜಿನ ಹಿಂದೆ ಬಿಸಿಲು ಕಾಯಿಸಿ ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ಬಿಸಿಲೇ ಇಲ್ಲದಿರುವಾಗ ಮಕ್ಕಳ ಡಾಕ್ಟರ್ ಹೇಳಿದ ಡ್ರಾಪ್ಸ್ ಬಿಡಬೇಡಿ.

ಇಂಟರ್‌ಲಾಕ್ ಕಲಿಸದ ಪಾಠ

ಎರಡು ವರ್ಷದ ಮಗು ಟೈಲ್ಸ್ ಮೇಲೆ ನಡೆಯುವುದನ್ನು ನೋಡಿ. ಆಮೇಲೆ ಅದೇ ಮಗು ಮುರಕಲ್ಲಿನ ಮೆಟ್ಟಿಲು ಹತ್ತುವುದನ್ನು, ಬೇರು ದಾಟುವುದನ್ನು, ಹೊಯ್ಗೆಯಲ್ಲಿ (ಮರಳಿನಲ್ಲಿ) ಕಾಲು ಹೂತುಹೋದಾಗ ಎತ್ತುವುದನ್ನು ನೋಡಿ. ಸಮತಟ್ಟು ನೆಲದಲ್ಲಿ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ಹಾಗೆಯೇ. ಏರುತಗ್ಗಿನ ನೆಲದಲ್ಲಿ ಪ್ರತಿ ಹೆಜ್ಜೆಗೂ ಪಾದ, ಮೊಣಕಾಲು, ಸೊಂಟ ಹೊಸದಾಗಿ ಲೆಕ್ಕ ಹಾಕಬೇಕು. ಬೀಳುವುದು ಹೇಗೆ, ಬೀಳುವಾಗ ಕೈ ಊರುವುದು ಹೇಗೆ ಎಂಬುದನ್ನು ಮಗು ಬಿದ್ದೇ ಕಲಿಯಬೇಕು. ಬೇರೆ ದಾರಿ ಇಲ್ಲ.

ಕೆನಡಾದ ಮಕ್ಕಳ ವೈದ್ಯರ ಸಂಘ 2024ರಲ್ಲಿ ಇದನ್ನು ತನ್ನ ಅಧಿಕೃತ ನಿಲುವಾಗಿಯೇ ಹೇಳಿತು. ಮರ ಹತ್ತುವುದು, ಎತ್ತರದಿಂದ ಹಾರುವುದು, ಜೋರಾಗಿ ಓಡುವುದು ಮಕ್ಕಳ ಬೆಳವಣಿಗೆಗೆ ಬೇಕು ಎಂದಿತು. ಅಪಾಯ ಬೇರೆ, ಸಾಹಸ ಬೇರೆ. ಮಗುವಿಗೆ ಕಂಡು ತಾನೇ ಅಳೆಯಬಲ್ಲದ್ದು ಸಾಹಸ. ಕಾಣದೇ ಇರುವುದು ಅಪಾಯ. ಅದನ್ನು ದೊಡ್ಡವರು ತೆಗೆಯಬೇಕು.

ನಮ್ಮ ಕರಾವಳಿಯ ಅಂಗಳದಲ್ಲಿ ದೊಡ್ಡವರು ತೆಗೆಯಬೇಕಾದ್ದು ಸಾಕಷ್ಟಿದೆ. ಮೊದಲನೆಯದು ಬಾವಿ. ಕಟ್ಟೆ ಎತ್ತರ ಇದ್ದರೆ ಸಾಲದು, ಮೇಲೆ ಗಟ್ಟಿ ಬಲೆ ಬೇಕು. ತೆಂಗಿನ ಮರದ ಅಡಿಯಲ್ಲಿ ಮಕ್ಕಳನ್ನು ಬಿಡಲೇಬಾರದು. ಕಾಯಿ ಕೀಳಿಸಿದ ಮೇಲೂ ಒಣ ಗರಿ ಬೀಳುತ್ತದೆ. ಬೇಲಿಯಲ್ಲಿ ಗುಲಗಂಜಿ ಬಳ್ಳಿ, ಮೂಲೆಯಲ್ಲಿ ಕಾಸರಕದ ಮರ ಇದ್ದರೆ ಅವುಗಳ ಬೀಜ ವಿಷ. ಕೆಂಪಗೆ ಹೊಳೆಯುವ ಗುಲಗಂಜಿಯನ್ನು ಯಾವ ಮಗು ತಾನೆ ಹೆಕ್ಕದೆ ಬಿಡುತ್ತದೆ? ಕಲ್ಲಿನ ರಾಶಿ, ಒಣಗಿದ ಸೋಗೆಯ ರಾಶಿ ಇದ್ದರೆ ಹಾವಿಗೆ ಮನೆ. ಇದನ್ನೆಲ್ಲ ಒಂದು ಶನಿವಾರ ಇಬ್ಬರು ಕೂತು ಸರಿ ಮಾಡಬಹುದು. ಸರಿ ಮಾಡುವ ಬದಲು ಬಾಗಿಲು ಹಾಕುವುದು ಸುಲಭ. ನಾವು ಹೆಚ್ಚಾಗಿ ಮಾಡುತ್ತಿರುವುದು ಅದನ್ನೇ.

ಮನಸ್ಸಿನ ವಿಷಯಕ್ಕೆ ಬಂದರೆ ಪುರಾವೆ ಕಣ್ಣಿನಷ್ಟು ಗಟ್ಟಿ ಅಲ್ಲ. ನಾರ್ವೆಯಲ್ಲಿ 562 ಮಕ್ಕಳನ್ನು ಶಿಶುವಿಹಾರದಿಂದ ಒಂದನೇ ತರಗತಿಯವರೆಗೆ ಗಮನಿಸಿದರು. ಡೇ ಕೇರ್‌ನಲ್ಲಿ ಹೆಚ್ಚು ಹೊತ್ತು ಹೊರಗಿದ್ದ ಮಕ್ಕಳಿಗೆ ಗಮನ ಇಡುವುದು ಸುಲಭವಾಗಿತ್ತು, ಚಡಪಡಿಕೆ ಕಡಿಮೆ ಇತ್ತು. ಹೊರಗಿದ್ದದ್ದರಿಂದಲೇ ಹೀಗಾಯಿತು ಎಂದು ಇದು ಸಾಬೀತು ಮಾಡುವುದಿಲ್ಲ. ಆದರೆ ಅಂಗಳದಲ್ಲಿ ಒಂದು ಗಂಟೆ ಮಕ್ಕಳ ಜತೆ ಕೂತವರಿಗೆ ಇದು ಆಶ್ಚರ್ಯ ತರುವುದಿಲ್ಲ. ನಾಚಿಕೆ ಮುಳ್ಳಿನ ಗಿಡ ಒಂದಿದ್ದರೆ ಸಾಕು. ಮಗು ಮುಟ್ಟುತ್ತದೆ, ಎಲೆ ಮುದುಡುತ್ತದೆ. ಮತ್ತೆ ಯಾವಾಗ ಬಿಚ್ಚುತ್ತದೆ ಅಂತ ಕಾಯುತ್ತದೆ. ಮೂರು ವರ್ಷದ ಮಗು ಉಸಿರು ಬಿಗಿ ಹಿಡಿದು ಐದು ನಿಮಿಷ ಒಂದೇ ಕಡೆ ಕೂರುವುದು ನಾನು ಬೇರೆಲ್ಲೂ ನೋಡಿಲ್ಲ. ಆಮೇಲೆ ಪ್ರಶ್ನೆಗಳು. ಅದಕ್ಕೆ ನೋವಾಯ್ತಾ? ಅದು ಮಲಗಿತಾ? ಅದಕ್ಕೆ ನಾನು ಗೊತ್ತಾ? ಗೋಡೆಯ ಮೇಲಿನ ನವಿಲಿನ ಚಿತ್ರದ ಬಗ್ಗೆ ನನ್ನ ಮಗಳು ಇಷ್ಟು ಪ್ರಶ್ನೆ ಕೇಳಿದ್ದಿಲ್ಲ.

ಮಳೆಗೆ ಏನು ಮಾಡ್ತೀರಿ?

ಉಡುಪಿಯಲ್ಲೋ ಮಂಗಳೂರಿನಲ್ಲೋ ಈ ವಿಷಯ ತೆಗೆದರೆ ಮೊದಲು ಬರುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ರೆಡ್ ಅಲರ್ಟ್ ಬಂದರೆ ಡಿಸಿ ಅಂಗನವಾಡಿಗೂ ರಜೆ ಕೊಡುತ್ತಾರೆ. ಅಂಥ ದಿನ ಒಳಗೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಎಲ್ಲ ದಿನವೂ ರೆಡ್ ಅಲರ್ಟ್ ಅಲ್ಲ. ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲೂ ಮಳೆ ಬಿಡುವು ಕೊಡುತ್ತದೆ. ಬಿಡುವು ಕೊಡದ ದಿನಕ್ಕೂ ನಮ್ಮವರು ಯಾವತ್ತೋ ಉಪಾಯ ಕಂಡುಕೊಂಡಿದ್ದಾರೆ. ಜಗಲಿ, ಚಾವಡಿ, ಈಗಿನ ಸಿಟೌಟ್ ಎಲ್ಲ ಅದೇ ತಾನೆ? ಮೇಲೆ ಮಾಡು (ಸೂರು), ಬದಿ ತೆರೆದದ್ದು. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಮಳೆಯ ಸದ್ದು, ವಾಸನೆ ಬರುತ್ತದೆ, ಮಗು ಒದ್ದೆಯಾಗುವುದಿಲ್ಲ. ಈಗಂತೂ ಮದುವೆ ಹಾಲಿನಿಂದ ಮನೆಯ ಟೆರೇಸಿನವರೆಗೆ ಎಲ್ಲ ಕಡೆ ಶೀಟ್ ಹಾಕಿಸುತ್ತೇವೆ. ಬಟ್ಟೆ ಒಣಗಲು ಶೀಟ್, ಕಾರಿಗೆ ಶೀಟ್, ಅಡಿಕೆಗೆ ಶೀಟ್. ಮಕ್ಕಳು ಆಡಲು ಶೀಟ್ ಹಾಕಿಸಿದ ಪ್ಲೇ ಹೋಮ್ ಎಷ್ಟಿವೆ? ಜಾಸ್ತಿ ಇಲ್ಲ.

ಒದ್ದೆಯಾದರೆ ಶೀತ ಆಗುತ್ತದೆ ಎಂಬ ಹೆದರಿಕೆ ಎಲ್ಲ ಅಮ್ಮಂದಿರಿಗೂ ಇದೆ. ನನಗೂ ಇತ್ತು. ಶೀತ ತರುವುದು ವೈರಸ್. ಅದು ಒಬ್ಬರಿಂದ ಒಬ್ಬರಿಗೆ ಹರಡಲು ತೀರಾ ಅನುಕೂಲವಾದ ಜಾಗ ಎಂದರೆ ಬಾಗಿಲು, ಕಿಟಕಿ ಹಾಕಿದ, ಎಸಿ ಓಡುವ, ಮಕ್ಕಳು ತುಂಬಿದ ಕೋಣೆ. ಮಗು ಒದ್ದೆ ಬಟ್ಟೆಯಲ್ಲೇ ನಡುಗುತ್ತಾ ಕೂರಬಾರದು, ನಿಜ. ತಲೆ ಒರೆಸಿ ಬಟ್ಟೆ ಬದಲಿಸಿದರೆ ಆಯಿತು. ಚೀಲದಲ್ಲಿ ಎರಡು ಜತೆ ಹೆಚ್ಚು ಬಟ್ಟೆ ಕಳಿಸುವುದು ನಮ್ಮ ಕೆಲಸ.

ನಿಜವಾಗಿ ಹೆದರಬೇಕಾದ್ದು ಬೇರೆ ಇದೆ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಮಳೆಗಾಲಕ್ಕೆ ಇಲಿ ಜ್ವರ ಬರುತ್ತದೆ. ಇಲಿಯ ಮೂತ್ರ ಸೇರಿದ ನೀರು ಗಾಯದ ಮೂಲಕ ಮೈ ಸೇರಿದಾಗ ಬರುವ ಕಾಯಿಲೆ ಅದು. ಆದ್ದರಿಂದ ನಿಂತ ನೀರು, ಚರಂಡಿ ತುಂಬಿ ಹರಿದ ನೀರು, ನೆರೆ ನೀರು ಇವುಗಳಿಗೆ ಮಗುವನ್ನು ಇಳಿಸಬಾರದು. ಕಾಲಿನಲ್ಲಿ ಗಾಯ ಇದ್ದರಂತೂ ಬೇಡವೇ ಬೇಡ. ಆಗ ತಾನೆ ಸುರಿದ ಮಳೆಯಲ್ಲಿ, ತೊಳೆದ ಅಂಗಳದಲ್ಲಿ, ಬೂಟು ಹಾಕಿ ಕುಣಿಯುವುದು ಬೇರೆ. ಎರಡನ್ನೂ ಒಂದೇ ಎಂದುಕೊಂಡು ಎರಡನ್ನೂ ನಿಲ್ಲಿಸಿದ್ದೇವೆ.

ಸೊಳ್ಳೆಯದ್ದೂ ಹೀಗೆಯೇ. ಮಂಗಳೂರಿನವರಿಗೆ ಮಲೇರಿಯ ಹೊಸತಲ್ಲ. ಆದರೆ ಮಲೇರಿಯದ ಸೊಳ್ಳೆ ಕಚ್ಚುವುದು ಸಂಜೆ ಕಳೆದ ಮೇಲೆ, ರಾತ್ರಿ. ಹಗಲು ಕಚ್ಚುವುದು ಡೆಂಗಿಯದ್ದು. ಅದು ಅಂಗಳದಲ್ಲಿ ಮಾತ್ರ ಇರುವುದಿಲ್ಲ. ಮನೆಯೊಳಗೆ ಕರ್ಟನ್ ಹಿಂದೆ, ಮಂಚದ ಅಡಿ, ನೇತು ಹಾಕಿದ ಬಟ್ಟೆಯ ಮರೆಯಲ್ಲಿ ಕೂರುತ್ತದೆ. ಹಾಗಾಗಿ ಬಾಗಿಲು ಹಾಕಿದ ಕೋಣೆ ಅದರಿಂದ ಕಾಪಾಡುವುದಿಲ್ಲ. ಕಾಪಾಡುವುದು ಬೊಂಡದ ಚಿಪ್ಪು, ಟಯರು, ಹೂಕುಂಡದ ತಟ್ಟೆಗಳಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದು. ಅಡಿಕೆ ಹಾಳೆಯಲ್ಲೂ ಈ ಸೊಳ್ಳೆ ಮೊಟ್ಟೆ ಇಡುತ್ತದೆ. ಮಕ್ಕಳು ಆಡಿ ಮುಗಿದ ಮೇಲೆ ಹಾಳೆಯನ್ನು ಬೋರಲು ಹಾಕಿಡಿ. ತೋಳು ತುಂಬ ಅಂಗಿ, ಕಾಲು ಮುಚ್ಚುವ ಚಡ್ಡಿ ಹಾಕಿ ಕಳಿಸಿ.

ಇನ್ನು ಮಣ್ಣು. ಪ್ರತಿ ಮಳೆಗಾಲ ನಮ್ಮಲ್ಲಿ ಊರೂರಿನ ಗದ್ದೆಗಳಲ್ಲಿ ಕೆಸರ್ಡೊಂಜಿ ದಿನ, ಅಂದರೆ ಕೆಸರಿನಲ್ಲಿ ಒಂದು ದಿನ, ನಡೆಯುತ್ತದೆ. ಶಾಲೆಯವರು, ಸಂಘದವರು, ಆಫೀಸಿನವರು ಎಲ್ಲ ಕೆಸರಿಗೆ ಇಳಿಯುತ್ತಾರೆ. ಮಕ್ಕಳನ್ನೂ ಇಳಿಸುತ್ತಾರೆ. ಆ ದಿನ ಮಕ್ಕಳ ಮುಖ ನೋಡಿದವರಿಗೆ ಕೆಸರು ಅವರಿಗೆ ಎಷ್ಟು ಬೇಕು ಅಂತ ಗೊತ್ತು. ನಮಗೆ ಮಣ್ಣಿನ ಮೇಲೆ ದ್ವೇಷ ಇಲ್ಲ. ಅದು ದಿನದ ವಿಷಯ ಆಗಿದ್ದದ್ದು ವರ್ಷದ ಹಬ್ಬ ಆಗಿದೆ, ಅಷ್ಟೆ.

ಫಿನ್ಲೆಂಡಿನಲ್ಲಿ ಇದನ್ನು ಪರೀಕ್ಷೆಗೇ ಒಡ್ಡಿದರು. ಕಾಂಕ್ರೀಟು, ಜಲ್ಲಿ ಹಾಸಿದ ಕೆಲವು ಡೇ ಕೇರ್ ಅಂಗಳಗಳಿಗೆ ಕಾಡಿನ ನೆಲದ ಮಣ್ಣು, ಹುಲ್ಲು ತಂದು ಹಾಕಿದರು. ಮೂರರಿಂದ ಐದು ವರ್ಷದ 75 ಮಕ್ಕಳು. 28 ದಿನ. ಕಾಡಿನ ಮಣ್ಣಿನಲ್ಲಿ ಆಡಿದ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ಬಗೆ ಹೆಚ್ಚಿತು. ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಗುರುತುಗಳೂ ಒಳ್ಳೆಯ ದಿಕ್ಕಿಗೆ ಬದಲಾದವು. 2020ರಲ್ಲಿ ಬಂದ ಈ ಅಧ್ಯಯನ ಚಿಕ್ಕದು. ಮಕ್ಕಳಿಗೆ ಮುಂದೆ ಅಲರ್ಜಿ ಬರುವುದಿಲ್ಲ ಎಂದೇನೂ ಅದು ಹೇಳುವುದಿಲ್ಲ. ನಮ್ಮ ಮಣ್ಣು ಫಿನ್ಲೆಂಡಿನ ಮಣ್ಣಲ್ಲ ಎಂಬುದೂ ನೆನಪಿರಬೇಕು. ಇಲ್ಲಿ ಕೊಕ್ಕೆಹುಳ ಇದೆ, ಬೆಕ್ಕು ಹೇತ ಹೊಯ್ಗೆ ಇದೆ. ಅದಕ್ಕೆ ಚಪ್ಪಲಿ ಹಾಕಿಸಬೇಕು, ಹೊಯ್ಗೆಗೆ ರಾತ್ರಿ ಟರ್ಪಾಲು ಮುಚ್ಚಬೇಕು, ಒಳಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಸಬೇಕು. ಸರ್ಕಾರ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ, ಅಂಗನವಾಡಿಗಳಲ್ಲಿ ಜಂತುಹುಳದ ಮಾತ್ರೆ ಕೊಡುತ್ತದೆ. ಒಂದು ವರ್ಷ ದಾಟಿದ ಎಲ್ಲ ಮಕ್ಕಳಿಗೂ ಅದು ಉಂಟು. ಖಾಸಗಿ ಪ್ಲೇ ಹೋಮಿಗೆ ಹೋಗುವ ಮಗು ಎಂದು ತಪ್ಪಿಸಬೇಡಿ.

ಸೆಕೆಯ ವಿಷಯ ಸರಳ. ಮಾರ್ಚ್, ಏಪ್ರಿಲ್, ಮೇಯಲ್ಲಿ ಬೆಳಿಗ್ಗೆ ಹತ್ತರೊಳಗೆ, ಸಂಜೆ ನಾಲ್ಕೂವರೆ ಮೇಲೆ. ನಡುವೆ ಬೇಡ. ನೆರಳು, ನೀರು ಕಡ್ಡಾಯ. ಲೋಹದ ಜಾರುಬಂಡಿ, ಇಂಟರ್‌ಲಾಕ್ ಎರಡನ್ನೂ ಮೊದಲು ನಿಮ್ಮ ಅಂಗೈಯಿಂದ ಮುಟ್ಟಿ ನೋಡಿ.

ಹೆಸರಿನಲ್ಲೇ ಇರುವ ಅಂಗಳ

ಅಂಗನವಾಡಿ ಎಂಬ ಹೆಸರಿನಲ್ಲೇ ಅಂಗಳ ಇದೆ. ಮಹಾರಾಷ್ಟ್ರದ ತಾರಾಬಾಯಿ ಮೋಡಕ್ 1940ರ ದಶಕದಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ಬಡ ಮಕ್ಕಳಿಗಾಗಿ ಬಾಲವಾಡಿ ಶುರು ಮಾಡಿದರು. ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಮನೆಯ ಅಂಗಳಕ್ಕೆ ಒಯ್ದರು. ಎಲೆ, ಕಲ್ಲು, ಬೀಜ, ಚಿಪ್ಪುಗಳೇ ಪಾಠದ ಸಾಮಾನು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರು ಮಾಡಿದಾಗ ಅಂಗನವಾಡಿ ಎಂಬ ಹೆಸರು ದೇಶಕ್ಕೆಲ್ಲ ಹರಡಿತು. ನಮ್ಮ ಜಿಲ್ಲೆಯಲ್ಲೂ ಇಂಥ ಯೋಚನೆ ಹಳೆಯದು. ಪುತ್ತೂರಿನ ಬಾಲವನದಲ್ಲಿ ಕೋಟ ಶಿವರಾಮ ಕಾರಂತರು ಮಕ್ಕಳ ಕಲಿಕೆಯ ಪ್ರಯೋಗ ಮಾಡಿದ್ದು ಮರಗಳ ನಡುವೆಯೇ.

2013ರ ರಾಷ್ಟ್ರೀಯ ಶೈಶವ ಆರೈಕೆ ಮತ್ತು ಶಿಕ್ಷಣ ನೀತಿ ಕೂಡ ಅಂಗಳವನ್ನು ಮರೆತಿಲ್ಲ. 30 ಮಕ್ಕಳಿಗೆ 35 ಚದರ ಮೀಟರ್ ಕೋಣೆ, ಹೊರಗೆ ಕನಿಷ್ಠ 30 ಚದರ ಮೀಟರ್ ಜಾಗ ಬೇಕು ಎನ್ನುತ್ತದೆ. 30 ಚದರ ಮೀಟರ್ ಅಂದರೆ ಎರಡು ಕಾರು ನಿಲ್ಲಿಸುವ ಜಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ತೀರಾ ಕಡಿಮೆ ಅನಿಸುತ್ತದೆ. ಪೇಟೆಯಲ್ಲಿ ಬಾಡಿಗೆ ಕೋಣೆಯಲ್ಲಿ ನಡೆಯುವ ಅಂಗನವಾಡಿಗಳಿಗೆ ಎಷ್ಟೋ ಕಡೆ ಅಷ್ಟೂ ಇಲ್ಲ. ಆರರಿಂದ ಹದಿನಾಲ್ಕು ವರ್ಷದವರ ಶಾಲೆಗೆ ಆಟದ ಮೈದಾನ ಇರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮೈದಾನ ಅದಕ್ಕಿಂತಲೂ ಹೆಚ್ಚು ಬೇಕಾದ ಮೂರು ವರ್ಷದ ಮಗು ಆ ಕಾಯ್ದೆಯ ಹೊರಗೆ ಉಳಿದಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತು. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರದ ಕೂಸಿನ ಮನೆಗಳು ಬಂದಿವೆ. ಇವೆಲ್ಲ ಬಂದದ್ದು ಒಳ್ಳೆಯದೇ. ಇವುಗಳನ್ನು ತೆರೆಯುವಾಗಲೇ ಜಗಲಿ, ಅಂಗಳ ಇರುವ ಕಟ್ಟಡ ನೋಡಬೇಕು. ಕಟ್ಟಿ ಆದ ಮೇಲೆ ಅಂಗಳ ಸೇರಿಸಲು ಆಗುವುದಿಲ್ಲ.

ಆದರೂ ನನ್ನ ಪ್ರಕಾರ ಜಾಗಕ್ಕಿಂತ ದೊಡ್ಡ ಕೊರತೆ ಜನರದ್ದು. ಅದೇ 2013ರ ನೀತಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ಬೇಕು ಎನ್ನುತ್ತದೆ. ಹೊರಗೆ ಹೋಗುವಾಗ ಒಬ್ಬರು ಸಾಲುವುದಿಲ್ಲ. ಒಂದು ಮಗುವಿಗೆ ಒಂದಕ್ಕೆ ಬಂತು ಅಂದರೆ ಟೀಚರ್ ಒಳಗೆ ಹೋಗಬೇಕು, ಉಳಿದವರನ್ನು ಯಾರು ನೋಡಬೇಕು? ಅಂಗನವಾಡಿ ಟೀಚರ್‌ಗೆ ಸರ್ವೆ ಇದೆ, ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ನ ಕೆಲಸ ಇದೆ, ಗರ್ಭಿಣಿಯರ ಲೆಕ್ಕ ಇದೆ. ಸಹಾಯಕಿ ಅಡುಗೆಯಲ್ಲಿರುತ್ತಾರೆ. ಖಾಸಗಿ ಕಡೆ ಆಯಾಗಳ ಸಂಬಳ ಎಷ್ಟು ಕಡಿಮೆ ಎಂದರೆ ಕೆಲವೇ ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ. ಮಕ್ಕಳು ಹೊರಗೆ ಆಡಬೇಕು ಎನ್ನುವವರು ಇನ್ನೊಬ್ಬ ಆಯಾಗೆ ಸಂಬಳ ಕೊಡಲೂ ತಯಾರಿರಬೇಕು. ಸ್ಮಾರ್ಟ್ ಬೋರ್ಡ್ ಇದೆ ಅಂದರೆ ಹೆಚ್ಚು ಫೀಸು ಕೊಡುತ್ತೇವೆ. ಹೊರಗೆ ನೋಡಿಕೊಳ್ಳಲು ಒಬ್ಬರು ಹೆಚ್ಚು ಇದ್ದಾರೆ ಅಂದರೂ ಕೊಡೋಣ.

ಟೀಚರ್‌ಗಳ ಇನ್ನೊಂದು ಹೆದರಿಕೆ ನಾವೇ. ಮೊಣಕಾಲು ತರಚಿದರೆ, ಯೂನಿಫಾರ್ಮ್ ಕೆಂಪಾದರೆ ಸಂಜೆ ಗೇಟಿನಲ್ಲಿ ಕೇಳುವುದು ನಾವೇ. ಒಮ್ಮೆ ಜೋರಾಗಿ ಕೇಳಿಸಿಕೊಂಡ ಟೀಚರ್ ಮರುದಿನ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಸೇರಿಸುವ ದಿನವೇ ಹೇಳಿಬಿಡಬೇಕು: ಬಟ್ಟೆ ಕೊಳೆಯಾಗಲಿ, ಚಿಕ್ಕಪುಟ್ಟ ಗಾಯ ಆಗಲಿ, ನಾವು ಏನೂ ಅನ್ನುವುದಿಲ್ಲ. ಇನ್ನೂ ಒಂದು ಮಾತು. "ಮಕ್ಕಳನ್ನು ಹೊರಗೆ ಬಿಡ್ತೀರಾ?" ಎಂದು ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ. "ನಿನ್ನೆ ಎಷ್ಟು ಹೊತ್ತಿಗೆ ಬಿಟ್ಟಿರಿ, ಎಷ್ಟು ಹೊತ್ತು?" ಎಂದು ಕೇಳಿ.

ನನ್ನ ಮಗಳ ಡೇ ಕೇರ್‌ಗೆ ಅಂಗಳ ಸಿಕ್ಕಿದ್ದು ಪಾರ್ಕಿಂಗಿನಲ್ಲೇ. ಕಟ್ಟಡದ ಕೆಳಗಿನ ಕಾರುಗಳು ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋದರೆ ವಾಪಸ್ ಬರುವುದು ಸಂಜೆ. ಮಕ್ಕಳು ಇರುವ ಹೊತ್ತಿನಲ್ಲೇ ಆ ಜಾಗ ಖಾಲಿ. ಇದನ್ನು ಮೊದಲು ಗಮನಿಸಿದ್ದು ನಾವಲ್ಲ, ವಾಚ್‌ಮನ್. ನಾವು ಆರು ಮನೆಯವರು ಅಸೋಸಿಯೇಷನ್‌ನಲ್ಲಿ ಮಾತಾಡಿದೆವು. ಕೊನೆಯ ಸಾಲಿನ ಮೂರು ಕಾರಿನ ಜಾಗ, ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದು. ರಸ್ತೆ ಕಡೆಗೆ ಮಡಚುವ ಗೇಟು. ಕಾಂಪೌಂಡಿನ ಪಕ್ಕ ಇದ್ದ ಒಂದು ತುಂಡು ಮಣ್ಣಿನ ನೆಲ, ಅದರಲ್ಲಿ ಒಂದು ಬಾದಾಮಿ ಮರ. ಮೂಲೆಯಲ್ಲಿ ಒಂದು ಪಿಕಪ್ ಹೊಯ್ಗೆ. ಆ ಒಂದೂವರೆ ಗಂಟೆಗೆ ಇನ್ನೊಬ್ಬ ಆಯಾ ಬೇಕಾಯಿತು. ಆ ಸಂಬಳವನ್ನು ಎಲ್ಲ ಪೋಷಕರೂ ಹಂಚಿಕೊಂಡೆವು.

ಜೂನ್ ಬಂದಾಗ ಎಲ್ಲ ನಿಂತುಹೋಗುತ್ತದೆ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಜೋರು ಮಳೆಯಲ್ಲಿ ಏನೋ ಮರೆತದ್ದು ಕೊಡಲು ಹೋದರೆ ಮಕ್ಕಳು ಅಲ್ಲೇ ಇದ್ದರು. ಮೇಲೆ ಕಟ್ಟಡವೇ ಮಾಡು, ಬದಿಯೆಲ್ಲ ತೆರೆದದ್ದು. ಎಂಟೊಂಬತ್ತು ಮಕ್ಕಳು ಅಂಚಿನಲ್ಲಿ ಸಾಲಾಗಿ ಕೂತು, ಆಚೆಗೆ ಕೈ ಚಾಚಿ, ಮೇಲಿನಿಂದ ಸುರಿಯುವ ನೀರನ್ನು ತೆಂಗಿನ ಚಿಪ್ಪಿನಲ್ಲಿ ಹಿಡಿಯುತ್ತಿದ್ದರು. ಆಯಾ ಟವೆಲ್ ಹಿಡಿದು ಹಿಂದೆ ನಿಂತಿದ್ದರು.